ಕಲ್ಲಿನ ದಾರಿಯಲ್ಲಿ ಆಡಬಾರದ ಮಾತು

ಇಲಿಯ ವರ್ಷ, ಎರಡನೇ ತಿಂಗಳು, ಹುಣ್ಣಿಮೆ
ಒಸಾಕಾ, ಕಲ್ಲೆಳೆಯುವವರ ಬಿಡಾರ

ಅಕ್ಕಾ,

ನಾನು ಸತ್ತಿಲ್ಲ. ಮೊದಲು ಇಷ್ಟನ್ನು ಅವ್ವನಿಗೆ ಓದಿ ಹೇಳು, ಉಳಿದದ್ದು ಆಮೇಲೆ. ಜಿನ್ಬೆಯಣ್ಣನ ಕಲ್ಲುದೋಣಿ ಈ ದಡ ಮುಟ್ಟುವ ಹೊತ್ತಿಗೆ ನಮ್ಮ ದ್ವೀಪದ ಅರ್ಧ ಜನ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಡಲಿಗೆ ಕಾಣಿಕೆ ಕೊಟ್ಟಾಗಿತ್ತು. ಕಲ್ಲು ಮಾತ್ರ ಅಲ್ಲಾಡದೆ ಕೂತಿತ್ತು. ಅದಕ್ಕೆ ಹೊಟ್ಟೆಯಿಲ್ಲ. ದೊರೆಗಳಿಗೆ ನಮಗಿಂತ ಅದರ ಮೇಲೆ ಪ್ರೀತಿ ಜಾಸ್ತಿ ಇರುವುದು ಅದಕ್ಕೇ ಇರಬೇಕು.

ಅಷ್ಟು ದೊಡ್ಡ ಕಲ್ಲನ್ನು ದಡದಿಂದ ಕೋಟೆಗೆ ಹೇಗೆ ಒಯ್ಯುತ್ತಾರೆ ಎಂದು ಅವ್ವ ಕೇಳಿದ್ದಳು. ಹೇಳು: ದಾರಿಯುದ್ದಕ್ಕೂ ಉರುಳೆ ಮರ ಹಾಸಿರುತ್ತಾರೆ. ಅದರ ಮೇಲೆ ಅಗಲ ಎಲೆಯ ಕಡಲಪಾಚಿ ಹರಡುತ್ತಾರೆ, ಜಾರಲಿ ಅಂತ. ಪಾಚಿಯ ಮೇಲೆ ಅಸುರ. ನಗಬೇಡ, ಆ ಜಾರುಬಂಡಿಯ ಹೆಸರೇ ಅದು. ಚಕ್ರವಿಲ್ಲ, ಜೋಡಣೆಯಿಲ್ಲ, ಮೊಳೆಯಿಲ್ಲ. ಬುಡದಲ್ಲಿ ಒಂದಾಗಿ ಮೇಲೆ ಎರಡಾಗಿ ಕವಲೊಡೆದ ಒಂದೇ ಮರ. ಅದನ್ನು ಕಡಿದು ಮಲಗಿಸಿದರೆ ಕಾಲಗಲಿಸಿ ಅಂಗಾತ ಮಲಗಿದ ಗಂಡಸಿನ ಹಾಗೆ ಕಾಣುತ್ತದೆ. ಅವನ ತೊಡೆಗಳ ಮೇಲೆ ಕಲ್ಲು. ಅವನ ಮೂಗಿಗೆ ತೂತು ಕೊರೆದು ಸೆಣಬಿನ ಹಗ್ಗ. ಹಗ್ಗದ ತುದಿಗೆ ನಾವು.

ನಮಗೆ ಅಕ್ಷರ ಕಲಿಸಿದ ಮಠದ ಅಜ್ಜಿ ಇಂದ್ರನಿಗೆ ತಾಯ್‌ಶಾಕು ಅನ್ನುತ್ತಿದ್ದಳಲ್ಲ, ದೊಡ್ಡ ಕಲ್ಲು ಎಂದು ಬರೆದರೂ ಅದನ್ನು ಹಾಗೆಯೇ ಓದಬಹುದಂತೆ. ಇಂದ್ರನನ್ನು ಕೂತ ಜಾಗದಿಂದ ಕದಲಿಸಿದವನು ಅಸುರನೊಬ್ಬನೇ, ಆದ್ದರಿಂದ ದೊಡ್ಡ ಕಲ್ಲು ಕದಲಿಸುವ ಬಂಡಿಗೆ ಆ ಹೆಸರು. ಯಾವನೋ ಓದಿದವನ ತಮಾಷೆ. ಎಳೆಯುವವರು ಅದಕ್ಕೆ ನಕ್ಕಿದ್ದು ನಾನು ನೋಡಿಲ್ಲ. ಹಸಿದವರು ತುಳಿದ ಪಾಚಿಯನ್ನೇ ಕಿತ್ತು ತೊಳೆದು ಜಗಿಯುವುದನ್ನು ನೋಡಿದ್ದೇನೆ.

ನನಗೆ ಹಗ್ಗ ತಪ್ಪಿತು, ಅಕ್ಕಾ. ನನ್ನ ಗಂಟಲು ಉಳಿಸಿತು. ಕಲ್ಲಿನ ನೆತ್ತಿಯ ಮೇಲೆ ನಿಂತು, ಕೈಯಲ್ಲಿ ಕಾಗದದ ಕುಚ್ಚು ಹಿಡಿದು ಹಾಡಿ ಎಳೆಸುವವನು ಬೇಕಾಗಿತ್ತು. ಹಾಡಿದರೆ ಮಾತ್ರ ಎಲ್ಲರ ಬೆನ್ನೂ ಒಟ್ಟಿಗೆ ಬಾಗುತ್ತದೆ. ಹಳೆ ಹಾಡು ಸಾಲದೆ ಬಂದಾಗ ನಾನೇ ಕಟ್ಟುತ್ತೇನೆ. ಮೊನ್ನೆ ಮಂಜು ಬಿದ್ದು ಯಾರಿಗೂ ಹಗ್ಗ ಹಿಡಿಯಲಾಗುತ್ತಿರಲಿಲ್ಲ. ಆಗ ಬಾಯಿಗೆ ಬಂದದ್ದು ಇದು:

ನಮ್ಮೂರ ಗುಡ್ಡದ ಗಂಡಹೆಂಡಿರ ಮರ, ಎಳೆಯೋ ಎಳೆ
ಸೊಂಟ ಒಂದೇ ಕಾಲು ಎರಡೇ, ಎಳೆಯೋ ಎಳೆ
ಅದರ ಮುಂದೆ ಈ ಅಸುರ ತೊಟ್ಟಿಲ ಕೂಸು, ಎಳೆಯೋ ಎಳೆ

ಇಡೀ ದಾರಿ ಬಿದ್ದು ಬಿದ್ದು ನಕ್ಕಿತು. ಕಲ್ಲು ಓಡಿತು. ನಮ್ಮ ಪಾಳಿಯ ಮೇಲಧಿಕಾರಿ ಶಿಯೋಮಿ ದೊರೆಗಳು ಕುದುರೆಯ ಮೇಲಿದ್ದವರು ಇಳಿದು ಬಂದು, "ಯಾವೂರೋ ನಿಂದು? ನಿಜವಾಗ್ಲೂ ಅಂಥ ಮರ ಇದೆಯೇನೋ?" ಎಂದು ಕೇಳಿ, ತಾವೇ ಬಟ್ಟಲಿಗೆ ಅಕ್ಕಿಯ ಹೆಂಡ, ಸಾಕೆ, ಬಗ್ಗಿಸಿ ಕೊಟ್ಟರು. ಅಷ್ಟು ಜನರ ಎದುರಿಗೆ ನಮ್ಮೂರಿನ ಹೆಸರು ಕೇಳಿದರು ಅಕ್ಕಾ. ಅವ್ವನಿಗೆ ಇದನ್ನೂ ಹೇಳು.

ನಿನ್ನ ತಮ್ಮ
ತೊರಾಜಿ


ಮೂರನೇ ತಿಂಗಳು, ಎಂಟನೇ ದಿನ
ತಾನಿಗುಚಿ ಕೇರಿ

ತಮ್ಮ ತೊರಾಜಿಗೆ,

ಕಾಗದ ಬಿಚ್ಚುವ ಮುಂಚೆಯೇ ಅವ್ವ ಅತ್ತಳು, ಓದಿದ ಮೇಲೆ ಬೈದಳು, "ಸಾಕೆ ಕುಡಿಯೋಕೆ ಕಲಿಸಿದೋರ್ಯಾರು?" ಅಂತ. ಇಲ್ಲಿ ಮಳೆ ಬಿದ್ದೇ ಬೀಳುತ್ತಿದೆ. ಅವ್ವನ ಮುಂದಿನ ಕೊನೇ ಹಲ್ಲು ಬಿತ್ತು. ಕೆಳಗಿನ ಹಲ್ಲು ಬಿದ್ದರೆ ಮಾಡಿನ ಮೇಲೆ ಎಸೆಯಬೇಕು, ಹೊಸದು ಬರುತ್ತೆ ಎಂದು ಅಂಗಳಕ್ಕೆ ಹೋಗಿ ಎಸೆದಳು. ಅದು ವಾಪಸ್ಸು ಅವಳ ತಲೆಯ ಮೇಲೆಯೇ ಬಿತ್ತು. ಓಣಿಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡರು.

ಆಮೇಲೆ ನಗು ನಿಂತಿತು. ಯಾಕೆಂದರೆ ಇಬ್ಬರು ಬಂದರು.

ದೋಣಿಯಿಂದಿಳಿದು ಯಾರನ್ನೂ ಏನೂ ಕೇಳದೆ ನೆಟ್ಟಗೆ ಗುಡ್ಡ ಹತ್ತಿದರು. ನಮ್ಮ ಮರವನ್ನು ಸುತ್ತು ಬಂದರು. ಹಗ್ಗ ಹಿಡಿದು ಬುಡ ಅಳೆದರು, ಕವಲು ಅಳೆದರು, ತಟ್ಟಿ ಕಿವಿಯಿಟ್ಟು ಕೇಳಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಹೋಗುವಾಗ ಬುಡಕ್ಕೆ ಒಂದು ಹುಲ್ಲಿನ ಹಗ್ಗ ಬಿಗಿದು, ಸುಣ್ಣದಲ್ಲಿ ಗುರುತು ಹಾಕಿ, ಇದನ್ನು ಮುಟ್ಟಿದವರ ಕೈ ಇರುವುದಿಲ್ಲ ಎಂದು ಹೇಳಿ ಹೋದರು.

ತೊರಾಜಿ, ಆ ಮರ ಯಾಕೆ ನಿಂತಿದೆ ಅಂತ ನಿನಗೆ ಗೊತ್ತು. ಕಲ್ಲುಗಣಿಯವರು ಗುಡ್ಡದ ಹೊಟ್ಟೆಯನ್ನು ಕೆಳಗಿನಿಂದ ಕೊರೆದು ತಿಂದಿದ್ದಾರೆ. ಮೇಲಿನ ಬಂಡೆಯನ್ನು ಹಿಡಿದಿರುವುದು ಅದರ ಬೇರು, ಬೇರೆ ಏನೂ ಅಲ್ಲ. ಬಂಡೆಯ ಕೆಳಗೆ ಓಣಿ. ಓಣಿಯಲ್ಲಿ ನಾವು. ಹೋದ ವರ್ಷ ಪಕ್ಕದ ಕೇರಿ ಕವಾಜಿರಿಯವರ ಪೈನ್ ಮರ ಕಡಿದರಲ್ಲ, ಆಮೇಲೆ ಬಂದ ಮೊದಲ ದೊಡ್ಡ ಮಳೆಗೆ ಬೆಳಗಿನ ಗಂಜಿಯ ಹೊತ್ತಿನಲ್ಲಿ ಅವರ ಮೇಲೆ ಗುಡ್ಡ ಬಿತ್ತು. ನಾನು ಅಗೆಯಲು ಹೋಗಿದ್ದೆ. ಒಂದು ಒಲೆ ಸಿಕ್ಕಿತು, ಮೇಲೆ ಪಾತ್ರೆ, ಪಾತ್ರೆಯಲ್ಲಿ ಸೌಟು. ಸೌಟು ಹಿಡಿದ ಕೈಯೂ ಸಿಕ್ಕಿತು. ಅವತ್ತಿನಿಂದ ಮಳೆ ಜೋರಾದರೆ ನಾನು ಗಂಜಿ ತಿರುವುವುದನ್ನು ನಿಲ್ಲಿಸಿ ಗುಡ್ಡದ ಕಡೆ ಕಿವಿ ಕೊಡುತ್ತೇನೆ.

ಊರ ಹಿರಿಯರು ಬೇರೆ ಕಡೆ ಗುಡಿಸಲು ಹಾಕಿಕೊಳ್ಳುತ್ತೇವೆ ಎಂದು ಕೇಳಿದ್ದಕ್ಕೆ, ಗಣಿಯ ದಾರಿಯಲ್ಲಿರುವ ಮನೆಗಳ ಆಳುಗಳು ಗಣಿಗೆ ಸೇರಿದವರು, ಅಲುಗಾಡುವಂತಿಲ್ಲ ಎಂದು ಉತ್ತರ ಬಂದಿದೆ. ಮರ ಅಲುಗಬಹುದು, ನಾವು ಅಲುಗುವಂತಿಲ್ಲ.

ಒಂದು ಮಾತು ಕೇಳುತ್ತೇನೆ. ನಮ್ಮ ಮರ ಕಡಲಿನಿಂದ ಕಾಣುವುದಿಲ್ಲ. ಗಣಿಯಿಂದಲೂ ಕಾಣುವುದಿಲ್ಲ. ಅದು ಅಲ್ಲಿದೆ ಎಂದು ಇವರಿಗೆ ಹೇಗೆ ತಿಳಿಯಿತು?

ಅಕ್ಕ
ಯೊನೆ


ಮೂರನೇ ತಿಂಗಳು, ಅಮಾವಾಸ್ಯೆಯ ಹಿಂದಿನ ದಿನ
ಒಸಾಕಾ

ಅಕ್ಕಾ,

ನಿನ್ನ ಕಾಗದ ನನ್ನ ಕೈಗೆ ಬಂದಾಗ ಅದರ ತುಂಬ ಮಸಿಯ ತೇಪೆ. ಮಳೆ ಏನು ಮಾಡುತ್ತಿದೆಯೋ ಗೊತ್ತಾಗಲಿಲ್ಲ. ಅವ್ವನ ಹಲ್ಲು ಏನಾಯಿತೋ ತಿಳಿಯಲಿಲ್ಲ. ಇನ್ನು ಮೇಲೆ ನೋಡಿಕೊಂಡು ಬರಿ. ಬಿಡಾರದ ಬಾಗಿಲಲ್ಲಿ ಒಬ್ಬ ಗುಮಾಸ್ತ ಕೂತಿರುತ್ತಾನೆ, ಒಳಗೆ ಬರುವುದನ್ನೆಲ್ಲ ಓದಿ, ಒಂದು ಮಾತು ಕಂಡಲ್ಲೆಲ್ಲ ಮಸಿ ಬಳಿಯುತ್ತಾನೆ. ನಾನು ಬರೆದದ್ದನ್ನೂ ಓದುತ್ತಾನೆ. ಈಗ ಇದನ್ನೂ ಓದುತ್ತಿದ್ದಾನೆ. ಅಯ್ಯಾ, ತಮಗೆ ನಮಸ್ಕಾರ.

ಯಾವ ಮಾತು ಎಂದು ಬರೆಯಲಾರೆ. ಮೇಲಿದ್ದದ್ದು ಹಿಡಿತ ತಪ್ಪಿ ಕೆಳಗೆ ಬಂದರೆ ಏನೆನ್ನುತ್ತೇವೆ, ಆ ಮಾತು.

ಬೇರೆ ಪ್ರಭುಗಳ ಪಾಳಿಯೊಂದರ ಕಲ್ಲು ತಿರುವಿನಲ್ಲಿ ಅಸುರನ ತೊಡೆಯಿಂದ ಜಾರಿ ಹಳ್ಳಕ್ಕೆ ಹೋಯಿತು. ಒಳ್ಳೇ ಕಲ್ಲು, ಒಂದು ಬಿರುಕಿಲ್ಲ. ಆದರೂ ಅದನ್ನು ಯಾರೂ ಎತ್ತುವುದಿಲ್ಲ. ಹಾಗೆ ಕೆಳಗೆ ಹೋದ ಕಲ್ಲನ್ನು ಕೋಟೆಗೆ ಇಟ್ಟರೆ ಕೋಟೆಗೂ ಅದೇ ಗತಿಯಂತೆ. ಅದನ್ನು ಕಡಿದ ಕೈ, ಎಳೆದ ಬೆನ್ನು ಎಲ್ಲ ದಂಡ. ಸುತ್ತ ಬೇಲಿ ಹಾಕಿದ್ದಾರೆ, ಹುಚ್ಚು ನಾಯಿಗೆ ಹಾಕಿದ ಹಾಗೆ. ಅಂದಿನಿಂದ ಈ ದಾರಿಯಲ್ಲಿ ಆ ಮಾತನ್ನು ಆಡುವಂತಿಲ್ಲ, ಯಾವ ಅರ್ಥದಲ್ಲೂ.

ಅಕ್ಕಾ, ಎಷ್ಟು ಕಡೆ ಅದು ಬೇಕಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಳೆಗೆ ಬೇಕು. ಕನಸಿಗೆ ಬೇಕು. ಕಾಲಿಗೆರಗುವುದಕ್ಕೆ, ಕಣ್ಣಿಗೆ ಕಾಣುವುದಕ್ಕೆ, ಸಂಜೆಯ ಬಿಸಿಲಿಗೆ. ನಾವೀಗ ಮಳೆ ಕೂತಿತು ಅನ್ನುತ್ತೇವೆ. ಕನಸು ಒದಗಿತು ಅನ್ನುತ್ತೇವೆ. ಮೊದಮೊದಲು ನಗು ಬರುತ್ತಿತ್ತು.

ಗೊನ್ಪಾಚಿ ಎಂದು ನಮ್ಮ ಪಕ್ಕದ ಹಗ್ಗದವನು, ಒಳ್ಳೇ ಮಾತುಗಾರ. ಊಟದ ಹೊತ್ತಿಗೆ ಅವನ ಹುಲ್ಲಿನ ಮೆಟ್ಟಿನ ಬಾರು ಕಿತ್ತುಹೋಗಿ ಮೆಟ್ಟು ಹಳ್ಳಕ್ಕೆ ಹೋಯಿತು. "ಅಣ್ಣಾ, ನನ್ನ ಮೆಟ್ಟು" ಎಂದು ಶುರುಮಾಡಿ, ಆ ಮಾತು ಆಡಿ ಮುಗಿಸಿದ. ಯಾರೂ ಗದರಿಸಲಿಲ್ಲ. ಇಬ್ಬರು ಬಂದು ಅವನ ತೋಳು ಮೆಲ್ಲಗೆ ಹಿಡಿದು, ಮದುವೆಮನೆಗೆ ಕರೆದೊಯ್ಯುವವರ ಹಾಗೆ ಕರೆದುಕೊಂಡು ಹೋದರು. ಅವನ ಇನ್ನೊಂದು ಮೆಟ್ಟು ಕಾಲಲ್ಲೇ ಇತ್ತು. ಅವನ ಬಟ್ಟಲು ಇನ್ನೂ ಗೂಟದಲ್ಲಿ ನೇತಾಡುತ್ತಿದೆ. ಬಟ್ಟಲಿಲ್ಲದವರೂ ಅದನ್ನು ಮುಟ್ಟುವುದಿಲ್ಲ.

ನಾನು ದಿನಾ ಕಲ್ಲಿನ ಮೇಲೆ ನಿಂತು ಬಾಯಿಗೆ ಬಂದದ್ದು ಹಾಡುವವನು. ಈಗ ಬಾಯಿಗೆ ಏನು ಬಂದೀತೋ ಎಂಬ ಹೆದರಿಕೆ. ಅಷ್ಟು ಜನ ಕೆಳಗಿನಿಂದ ನನ್ನ ತುಟಿ ನೋಡುತ್ತಿರುತ್ತಾರೆ. ಆ ಮಾತು ನಾಲಿಗೆಯ ಕೆಳಗೇ ಇದೆ, ಸುಡುವ ಗೆಣಸಿನ ತುಂಡಿನ ಹಾಗೆ.

ಅವ್ವನ ಹಲ್ಲಿನ ಸುದ್ದಿ ಬೇರೆ ಮಾತಿನಲ್ಲಿ ಬರಿ.

ತೊರಾಜಿ


ನಾಲ್ಕನೇ ತಿಂಗಳು, ಹನ್ನೊಂದನೇ ದಿನ
ತಾನಿಗುಚಿ

ತೊರಾಜಿ,

ಅವ್ವನ ಹಲ್ಲು ಉದುರಿತು. ಸಾಕಾ?

ಒಂದು ಮಾತು ಆಡಬಾರದು ಎಂದು ನೀನು ಕಾಗದದ ಉದ್ದಕ್ಕೂ ಬರೆದೆ. ನಾನು ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಅದರ ಮೇಲೆ ಗುಮಾಸ್ತ ಮಸಿ ಬಳಿದಿದ್ದನೋ ಏನೋ ಎಂದು ಎರಡು ದಿನ ಸಮಾಧಾನ ಮಾಡಿಕೊಂಡೆ. ಆಮೇಲೆ ಜಿನ್ಬೆಯಣ್ಣ ದೋಣಿಗೆ ಕಲ್ಲು ಹೇರಿಸುತ್ತ ಹಾಡು ಗುನುಗಿದ. ಸೊಂಟ ಒಂದೇ ಕಾಲು ಎರಡೇ. "ನಿನ್ ತಮ್ಮಂದೇ ಕಣಮ್ಮ ಹಾಡು, ಒಸಾಕಾದಲ್ಲೆಲ್ಲ ಅದೇ," ಎಂದು ಹಲ್ಲು ಕಿರಿದ. ನಿನ್ನ ಮೊದಲನೇ ಕಾಗದದಲ್ಲೇ ಅದಿತ್ತು. ನಾನೇ ಅವ್ವನಿಗೆ ಓದಿ ಹೇಳಿದ್ದೆ. ಆಗ ನನಗೂ ಹೆಮ್ಮೆಯಾಗಿತ್ತು ಎಂಬುದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವ್ವನಿಗೆ ನಾನು ಹೇಳಿಲ್ಲ. ನೀನೂ ಹೇಳಬೇಡ.

ಅಳೆದವರು ಮತ್ತೆ ಬಂದಿದ್ದರು. ಮಳೆಗಾಲ ಮುಗಿದ ಕೂಡಲೇ ಕಡಿಯುತ್ತಾರಂತೆ. ಒದ್ದೆ ಮರ ಭಾರ, ಅದಕ್ಕೆ ಕಾಯುತ್ತಾರಂತೆ, ನಮ್ಮ ಮೇಲಿನ ದಯೆಯಿಂದಲ್ಲ. ಮಳೆಗಾಲ ಮುಗಿದ ಮೇಲೆ ಬರುವುದು ಇನ್ನೂರ ಹತ್ತರ ಗಾಳಿ, ವಸಂತ ಹುಟ್ಟಿದ ಇನ್ನೂರ ಹತ್ತನೇ ದಿನದ ಬಿರುಗಾಳಿ. ಕಡಲು ಓಣಿಯೊಳಗೆ ಬರುವಂಥ ಗಾಳಿ. ಮರವಿಲ್ಲದ ಗುಡ್ಡದ ಕೆಳಗೆ ಆ ಗಾಳಿಯನ್ನು ನಾವು ಕಾಯಬೇಕು. "ಬೇರು ಬಿಟ್ಟು ಹೋಗ್ತೀವಲ್ಲ, ಬೇರೇನು ನಾವು ತಿನ್ನಲ್ಲ" ಎಂದ ಅವರಲ್ಲೊಬ್ಬ. ಬುಡ ಕಡಿದ ಮೇಲೆ ಬೇರು ಎಷ್ಟು ದಿನ ಬದುಕಿರುತ್ತದೆ ಎಂದು ಕೇಳಿದೆ. "ನೀನೇನು ಮರದ ಅಮ್ಮನಾ?" ಎಂದ. ಹೌದು ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಕೋಟೆ ಅವರದು. ಅದರೊಳಗೆ ಕೂರುವವರು ಅವರು. ಕಲ್ಲು ನಮ್ಮ ಗುಡ್ಡದ್ದು, ಬೆನ್ನು ನಿಮ್ಮದು, ಅಸುರನ ಕಾಲಿಗೆ ಮರವೂ ನಮ್ಮದೇ ಬೇಕಂತೆ. ಅಷ್ಟು ಬಂದೂಕು, ಅಷ್ಟು ಕತ್ತಿ ಇಟ್ಟುಕೊಂಡವರು ಒಂದು ಮಾತಿಗೆ ಹೆದರಿ ಮಸಿ ಬಳಿಯುತ್ತಾರೆ. ಥೂ.

ಗುಮಾಸ್ತರು ಇದಕ್ಕೂ ಮಸಿ ಬಳಿಯಲಿ, ಇದರಲ್ಲಿ ಆ ಮಾತಿಲ್ಲ.

ಹಾಂ, ಅವ್ವನನ್ನು ನಗಿಸಲು ನಿನ್ನೆ ಒಂದು ಹಳೇ ಕತೆ ತೆಗೆದೆ. ನೀನು ಏಳು ವರ್ಷದವನಿದ್ದಾಗ ನಮ್ಮ ಮರ ಹತ್ತಿ ಹಕ್ಕಿಗೂಡಿಗೆ ಕೈಹಾಕಲು ಹೋಗಿ ಮುಂದಿನ ಹಲ್ಲು ಮುರಿದುಕೊಂಡು ಬಂದೆಯಲ್ಲ. ಅಂದಿನಿಂದ ಓಣಿಯ ಮಕ್ಕಳು ಆ ಮರವನ್ನು ಗಂಡಹೆಂಡಿರ ಮರ ಅನ್ನುವುದೇ ಬಿಟ್ಟರು. ನಿನ್ನ ಹೆಸರು ಸೇರಿಸಿ ಬೇರೆ ಹೆಸರಿಟ್ಟರು. ಇವತ್ತಿನ ಮಕ್ಕಳೂ ಯಾಕೆಂದು ತಿಳಿಯದೆ ಹಾಗೆಯೇ ಕರೆಯುತ್ತಾರೆ. ನಿಮ್ಮ ದಾರಿಯಲ್ಲಿ ಆ ಹೆಸರನ್ನು ಆಡುವ ಹಾಗೇ ಇಲ್ಲ ಎಂದು ನೆನೆದು ನಾವಿಬ್ಬರೂ ಸ್ವಲ್ಪ ನಕ್ಕೆವು.

ಯೊನೆ


ಐದನೇ ತಿಂಗಳು, ನಾಲ್ಕನೇ ದಿನ
ಒಸಾಕಾ

ಅಕ್ಕಾ,

ಹೌದು. ನಾನೇ.

ನಿನ್ನ ಮೂರನೇ ತಿಂಗಳ ಕಾಗದದಲ್ಲಿ ಆ ಪ್ರಶ್ನೆಯ ಮೇಲೆ ಮಸಿ ಇರಲಿಲ್ಲ. ಓದಿದ ಮೇಲೆ ನಾನು ಊಟ ಮಾಡಲಿಲ್ಲ. ಬರೆಯಲು ಕೂತಾಗ ಕೈ ಬೇರೆಯದನ್ನೇ ಬರೆಯಿತು.

ಶಿಯೋಮಿ ದೊರೆಗಳ ಮುಂದೆ ಹೋಗಿ ಹಣೆ ನೆಲಕ್ಕೆ ಮುಟ್ಟಿಸಿದೆ. ಹಾಡಿಗೆ ಉತ್ಪ್ರೇಕ್ಷೆ ಸಹಜ, ಮರ ಅಷ್ಟೇನೂ ದೊಡ್ಡದಲ್ಲ, ಒಳಗೆ ಟೊಳ್ಳು ಎಂದೆ. ಅವರು ಅಳತೆ ತರಿಸಿ ನೋಡಿದ್ದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು. "ನೋಡು ತೊರಾಜಿ, ಮೂಲೆಗಲ್ಲು ಬರ್ತಿದೆ. ಅಂಥದ್ದು ಈ ದಾರೀಲಿ ಇದುವರೆಗೂ ಬಂದಿಲ್ಲ. ಈಗಿರೋ ಅಸುರ ಒಂದನ್ನ ತಡೆದಾನು, ಅದರ ಹಿಂದೆ ಬರೋ ಎರಡನೇದಕ್ಕೆ ಸೀಳಿಹೋಗ್ತಾನೆ. ಎರಡನೇದಕ್ಕೆ ನಿಮ್ಮ ಮರ. ಗುಡ್ಡದ ಕೆಳಗೆ ಮನೆ ಕಟ್ಕೊಂಡೋರು ಗುಡ್ಡವನ್ನ ಕೇಳ್ಬೇಕು, ನನ್ನನ್ನಲ್ಲ," ಎಂದು ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದರು. ಇನ್ನೊಂದು ಬಟ್ಟಲು ಸಾಕೆಯನ್ನೂ ಕೊಟ್ಟರು. ಕುಡಿಯದಿದ್ದರೆ ತಪ್ಪಾಗುತ್ತಿತ್ತು. ಕುಡಿದೆ.

ಮೂಲೆಗಲ್ಲು ಬರುವ ದಿನ ಎಲ್ಲ ಪ್ರಭುಗಳ ಪಾಳಿಯವರೂ ತಮ್ಮ ಕಲ್ಲು ಬಿಟ್ಟು ದಾರಿಯ ಎರಡೂ ಬದಿಗೆ ನಿಲ್ಲಬೇಕಂತೆ, ಮೇಲಿನವರು ನೋಡಲು ಬರುತ್ತಾರಂತೆ. ಕಲ್ಲಿಗೆ ಕೆಂಪು ಬಟ್ಟೆ ಹೊದಿಸುತ್ತಾರೆ. ಅದರ ಮೇಲೆ ನಿಂತು ಹಾಡುವವನು ನಾನು. ಆ ದಿನ ನನ್ನ ಬಾಯಿಂದ ಹೊರಟದ್ದನ್ನು ಯಾರೂ ಕೇಳಲಿಲ್ಲ ಅನ್ನುವ ಹಾಗಿಲ್ಲ. ಗುಮಾಸ್ತನ ಮಸಿ ಅಷ್ಟು ಕಿವಿಗಳಿಗೆ ಸಾಲುವುದಿಲ್ಲ.

ಗೊನ್ಪಾಚಿಯನ್ನು ಕರೆದೊಯ್ದ ಇಬ್ಬರು ದಿನಾ ಕಲ್ಲಿನ ಎಡಗಡೆಗೆ ನಡೆಯುತ್ತಾರೆ. ಅವರಲ್ಲಿ ಒಬ್ಬ ನನ್ನ ಹಾಡಿಗೆ ತಾಳ ಹಾಕುತ್ತಾನೆ.

ಅಸುರ ಎಂದರೆ ಮರ ಎಂದುಕೊಂಡಿದ್ದೆ, ಅಕ್ಕಾ. ಮರ ಬರೀ ಮಲಗಿರುತ್ತದೆ. ಕದಲಿಸುವವರು ಬೇರೆ.

ಒಂದನ್ನು ಮಾತ್ರ ತಿಳಿಸು, ಬೇಗ. ಹೊರಗಿನವರು ಬಂದು ಓಣಿಯಲ್ಲಿ ಯಾರನ್ನು ಕೇಳಿದರೂ ಆ ಮರಕ್ಕೆ ಮಕ್ಕಳಿಟ್ಟ ಹೆಸರನ್ನೇ ಹೇಳುತ್ತಾರೆಯೇ? ಎಲ್ಲರೂ?

ತೊರಾಜಿ


ಐದನೇ ತಿಂಗಳು, ಹದಿಮೂರನೇ ದಿನ
ತಾನಿಗುಚಿ

ತೊರಾಜಿ,

ನೀನು ಯಾಕೆ ಕೇಳುತ್ತಿದ್ದೀಯ ಎಂದು ನನಗೆ ಗೊತ್ತಾಯಿತು. ಬೇಡ.

ಆ ಹೆಸರು ಓಣಿಯಲ್ಲಿ ಯಾರಿಗೂ ನೆನಪಿಲ್ಲ. ಹಿಂದಿನ ಕಾಗದದಲ್ಲಿ ನಾನು ಸುಮ್ಮನೆ ಬರೆದೆ, ಅವ್ವನನ್ನು ನಗಿಸಲು ಕಟ್ಟಿದ ಕತೆ ಅದು. ಮಕ್ಕಳು ಗಂಡಹೆಂಡಿರ ಮರ ಎಂದೇ ಕರೆಯುತ್ತಾರೆ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಅರ್ಥವಾಯಿತೇ?

ಮರ ಹೋದರೆ ಹೋಗಲಿ. ಗಾಳಿಯ ದಿನ ನಾವೆಲ್ಲ ಮಠಕ್ಕೆ ಹೋಗಿ ಕೂರುತ್ತೇವೆ. ಅಲುಗಿದ್ದಕ್ಕೆ ಗಣಿಯವರು ಹೊಡೆದರೆ ಹೊಡೆಸಿಕೊಳ್ಳುತ್ತೇವೆ. ನೀನು ಹಳೇ ಹಾಡು ಹಾಡು, ಅಜ್ಜಂದಿರ ಕಾಲದ್ದು, ಅದರಲ್ಲಿ ನಿನ್ನದೆಂದು ಒಂದು ಅಕ್ಷರವೂ ಇರಬಾರದು. ಬಾಯಿ ತೆರೆಯಲು ಹೆದರಿಕೆಯಾದರೆ ಜ್ವರ ಎಂದು ಮಲಗು.

ನಾನು ಹಿಂದೆ ಬರೆದದ್ದೆಲ್ಲ ಸಿಟ್ಟಿನಲ್ಲಿ ಬರೆದದ್ದು. ಹಾಡು ಚೆನ್ನಾಗಿದೆ ಕಣೋ. ಜಿನ್ಬೆಯಣ್ಣನ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ. ಗಾಳಿ ಎದುರಿಗಿದೆ, ಹುಟ್ಟು ಹಾಕಿಯಾದರೂ ಹೋಗುತ್ತೇನೆ ಎಂದಿದ್ದಾನೆ.

ನಿನ್ನ ಅಕ್ಕ


ಐದನೇ ತಿಂಗಳು, ಹದಿನಾಲ್ಕನೇ ದಿನ
ಒಸಾಕಾ

ಅಕ್ಕಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಲ್ಲು ಬಂದಿದೆ. ಈಗ ಅಸುರನ ಮೇಲೆ ಏರಿಸುತ್ತಿದ್ದಾರೆ, ಸನ್ನೆಕೋಲು ಕಿರುಗುಟ್ಟುವುದು ಕೇಳಿಸುತ್ತಿದೆ. ನಾಳೆ ಬೆಳಿಗ್ಗೆ ಎಳೆತ.

ಉತ್ತರ ಬರದಿದ್ದರೂ ನನಗೆ ಗೊತ್ತು. ನೀನು ಬೇಡ ಅನ್ನುತ್ತೀಯ. ಮಕ್ಕಳು ಹೆಸರು ಮರೆಯುವುದಿಲ್ಲ.

ನನಗೆ ತುಂಬಾ ಹೆದರಿಕೆಯಾಗುತ್ತಿದೆ. ಅದನ್ನು ಅವ್ವನಿಗೆ ಓದಬೇಡ.

ತೊರಾಜಿ


ಎಂಟನೇ ತಿಂಗಳು, ಮೊದಲ ದಿನ
ತಾನಿಗುಚಿ

ತಮ್ಮ ತೊರಾಜಿಗೆ,

ನನ್ನ ಕೊನೆಯ ಕಾಗದ ನನಗೇ ವಾಪಸ್ಸು ಬಂತು. ಬಿಚ್ಚಿರಲಿಲ್ಲ, ಮಸಿಯಿರಲಿಲ್ಲ. ಈ ಹೆಸರಿನವರು ಬಿಡಾರದಲ್ಲಿ ಯಾರೂ ಇಲ್ಲ ಎಂದು ಗುಮಾಸ್ತ ಜಿನ್ಬೆಯಣ್ಣನಿಗೆ ಹೇಳಿದನಂತೆ. "ಈಗ ಇಲ್ವೋ, ಯಾವತ್ತೂ ಇರ್ಲಿಲ್ವೋ?" ಎಂದು ಇವನು ಕೇಳಿದರೆ, ಗುಮಾಸ್ತ ಕುಂಚ ತೊಳೆಯುತ್ತ ಕೂತನಂತೆ.

ಆ ದಿನ ಜಿನ್ಬೆಯಣ್ಣ ತಡವಾಗಿ ತಲುಪಿದ. ದಡದಿಂದಲೇ ಎಲ್ಲ ಕಂಡ. ಕೆಂಪು ಬಟ್ಟೆಯ ಮೇಲೆ ನೀನು ಗುಬ್ಬಿಯಷ್ಟು ಕಾಣುತ್ತಿದ್ದೆಯಂತೆ, ದನಿ ಮಾತ್ರ ದಡದವರೆಗೂ ಬರುತ್ತಿತ್ತಂತೆ. ಮೊದಲು ಹಳೇ ಹಾಡು ಹಾಡಿದೆಯಂತೆ. ದಾರಿಯ ನಡುವೆ, ಜನ ಹೆಚ್ಚಿದ್ದ ಕಡೆ, ನಿನ್ನ ಹಾಡು ಎತ್ತಿಕೊಂಡೆ. ಸೊಂಟ ಒಂದೇ ಕಾಲು ಎರಡೇ. ಎಲ್ಲರೂ ನಕ್ಕು ಎಳೆದರು. ಮೂರನೆಯ ಸಾಲಿನಲ್ಲಿ, "ದೊರೆಗಳು ಬಯಸಿದ ಆ ಮರದ ಹೆಸರು ಏನೆಂದು ಬಲ್ಲಿರಾ" ಎಂದು ಕೇಳಿ, ನಿಲ್ಲಿಸಿ, ಹೇಳಿಬಿಟ್ಟೆ.

ತೊರಾಜಿ ಬಿದ್ದ ಮರ.

ಹಗ್ಗಗಳು ಸಡಿಲವಾದವಂತೆ. ಯಾರೂ ಹೇಳದೆ ಎಲ್ಲ ಪಾಳಿಯವರೂ ನೆಲಕ್ಕೆ ಕೂತರಂತೆ. ಕಲ್ಲು ನಿಂತಿತು. ಅಸುರನೂ ನಿಂತ. ಶಿಯೋಮಿಯ ಕೈಯಿಂದ ಬೀಸಣಿಗೆ ಬಿತ್ತು, ಅದನ್ನು ಎತ್ತಿಕೊಡಲು ಒಬ್ಬನೂ ಬಗ್ಗಲಿಲ್ಲ. ಆಮೇಲೆ ಆ ಇಬ್ಬರು ಏಣಿ ಇಟ್ಟು ನಿನ್ನನ್ನು ಮೆಲ್ಲಗೆ ಇಳಿಸಿಕೊಂಡರು ಎನ್ನುವಲ್ಲಿಗೆ ಜಿನ್ಬೆಯಣ್ಣನ ಮಾತು ಮುಗಿಯುತ್ತದೆ. ಎಷ್ಟು ಸಲ ಕೇಳಿದರೂ ಅಲ್ಲಿಗೇ ಮುಗಿಯುತ್ತದೆ.

ಹತ್ತು ದಿನಕ್ಕೆ ಅಳತೆಯವರು ಬಂದರು, ಜೊತೆಗೆ ಕತ್ತಿಯವರು. ಓಣಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಈ ಮರದ ಹೆಸರೇನು ಎಂದು ಕೇಳಿದರು. ಮಕ್ಕಳು ನನ್ನ ಮುಖ ನೋಡಿದರು. ಬೇರೆ ಹೆಸರು ಹೇಳಿದರೆ ನೀನು ಸುಳ್ಳು ಹೇಳಿದವನಾಗುತ್ತೀಯ, ಮರವನ್ನೂ ಕಡಿಯುತ್ತಾರೆ. ಅದೇ ಹೆಸರು ಹೇಳಿದರೆ ನೀನು ಆಡಿದ್ದಕ್ಕೆ ನಿನ್ನ ಒಡಹುಟ್ಟಿದವಳೇ ಸಾಕ್ಷಿ. ಇಷ್ಟೆಲ್ಲ ಉರಿದು ಬರೆದವಳು ನಾನು, ಹೆದರಿ ನಿಂತೆ.

ಅವ್ವ ಮುಂದೆ ಬಂದಳು. ಬೊಚ್ಚುಬಾಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ತೊರಾಜಿ ಬಿದ್ದ ಮರ. ಏಳು ವರ್ಷದೋನು, ಬಿದ್ದ. ಎದ್ದ ಕೂಡ. ಅದನ್ನೂ ಬರ್ಕೊಳ್ಳಿ."

ಬರೆದುಕೊಳ್ಳುವವನ ಕುಂಚ ಮೊದಲನೆಯ ಮಾತಿಗೇ ನಿಂತಿತ್ತು. ಅವರು ಮರದ ಹತ್ತಿರ ಹೋಗಲಿಲ್ಲ. ದೂರದಿಂದ ಉಪ್ಪು ಎರಚಿದರು, ಉದ್ದ ಕೋಲಿಗೆ ಕುಡುಗೋಲು ಕಟ್ಟಿ ಹುಲ್ಲಿನ ಹಗ್ಗ ಕತ್ತರಿಸಿದರು, ಸುಣ್ಣದ ಗುರುತನ್ನು ನಮ್ಮ ಕೈಯಲ್ಲೇ ಕೆರೆಸಿದರು. ದೋಣಿ ಹತ್ತುವವರೆಗೂ ಹಿಂತಿರುಗಿ ನೋಡಲಿಲ್ಲ.

ಇನ್ನೂರ ಹತ್ತರ ಗಾಳಿ ಮೊನ್ನೆ ಬಂತು. ಇದನ್ನು ನಾನು ಬಾಯಿ ತುಂಬ ಬರೆಯುತ್ತೇನೆ, ಮಸಿ ಬಳಿಯುವವನು ಬಂದು ಬಳಿಯಲಿ. ಮಳೆ ಬಿತ್ತು. ಆಲಿಕಲ್ಲು ಬಿತ್ತು. ನಮ್ಮ ಮಾಡಿನ ಹುಲ್ಲು ಬಿತ್ತು, ಮಠದ ಹೆಬ್ಬಾಗಿಲು ಬಿತ್ತು, ಗಣಿಯವರ ಏತದ ಕಂಬ ಮುರಿದು ಅವರ ಕಲ್ಲಿನ ಮೇಲೆಯೇ ಬಿತ್ತು. ಇಡೀ ಓಣಿ ಗೋಡೆಗೆ ಬೆನ್ನು ಕೊಟ್ಟು ಗುಡ್ಡದ ಸದ್ದು ಕೇಳುತ್ತ ಕೂತಿತ್ತು. ಬಂಡೆ ಒಂದು ಸಲ ಕೊರಗಿದ ಹಾಗೆ ಸದ್ದು ಮಾಡಿತು. ಬೇರು ಬಿಗಿದುಕೊಂಡದ್ದು ನಮ್ಮ ನೆಲಕ್ಕೆ ಗೊತ್ತಾಯಿತು. ಬೆಳಕಾದಾಗ ನಾನು ಒಲೆ ಹೊತ್ತಿಸಿ ಗಂಜಿ ತಿರುವಿದೆ.

ಮರ ಬೀಳಲಿಲ್ಲ. ಗುಡ್ಡ ಬೀಳಲಿಲ್ಲ.

ನಿನ್ನ ಸುದ್ದಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೇರೆ ದ್ವೀಪದ ಗಣಿಗೆ ಹಾಕಿದ್ದಾರೆ ಎಂದು ಒಬ್ಬ. ನಾಲಿಗೆ ಮಾತ್ರ ತೆಗೆದು ಬಿಟ್ಟಿದ್ದಾರೆ ಎಂದು ಒಬ್ಬ. ಮತ್ತೊಂದು ಮಾತನ್ನು ಜಿನ್ಬೆಯಣ್ಣ ನನ್ನ ಮುಂದೆ ಆಡುವುದಿಲ್ಲ, ಮೂಲೆಗಲ್ಲಿನ ಬುಡದಲ್ಲಿ ಏನು ಹೂತರು ಎಂಬ ಸುದ್ದಿ ಬಂದರೆ ಎದ್ದುಹೋಗುತ್ತಾನೆ.

ಈ ಕಾಗದವನ್ನು ಯಾರ ಕೈಗೆ ಕೊಡಲಿ? ಬಾಗಿಲಲ್ಲಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಕಲ್ಲಿನ ದಾರಿಯಲ್ಲಿ ನಡೆಯುತ್ತ, ಯಾರಿಗೂ ಕಾಣದ ಹಾಗೆ ಬೀಳಿಸಿ ಬರುತ್ತೇನೆ ಎಂದಿದ್ದಾನೆ ಜಿನ್ಬೆಯಣ್ಣ. ಬೀಳಲಿ. ಓದಲು ಬರುವ ಯಾವನಾದರೂ ಎಳೆಯುವವನು ಎತ್ತಿಕೊಂಡು ಉಳಿದವರಿಗೆ ಓದಲಿ.

ಅವ್ವ ದಿನಾ ಬೆಳಿಗ್ಗೆ ಮರದ ಬುಡಕ್ಕೆ ಹೋಗಿ ನಿಲ್ಲುತ್ತಾಳೆ. ನೀನು ಚಿಕ್ಕವನಿದ್ದಾಗ ಅಲ್ಲಿ ನಿಂತು ಏನು ಹೇಳಿ ನಿನ್ನನ್ನು ಎತ್ತಿದ್ದಳೋ ಅದನ್ನೇ ಹೇಳುತ್ತಾಳೆ, ಗಟ್ಟಿಯಾಗಿ, ಗಣಿಯವರಿಗೆ ಕೇಳುವ ಹಾಗೆ. ನಾನೂ ಅದನ್ನೇ ಬರೆದು ಮುಗಿಸುತ್ತೇನೆ.

ಬಿದ್ದೆಯೇನೋ ಮಗನೇ? ಏಳು.

ನಿನ್ನ ಅಕ್ಕ
ಯೊನೆ